13 ವರ್ಷದ ಮಗಳನ್ನು ಚರ್ಚಿನ ಯಾವ ಗುಂಪಿಗೆ ಸೇರಿಸಲಿ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಹಾಸನದಿಂದ ಬೆಂಗಳೂರಿಗೆ ಬಂದಿದ್ದೀರಿ. ಮಗಳು ಎಂಟನೇ ಕ್ಲಾಸು. ಹೊಸ ಚರ್ಚಿನಲ್ಲಿ ವೈಸಿಎಸ್ (ಕಥೋಲಿಕ ವಿದ್ಯಾರ್ಥಿಗಳ ಸಂಘಟನೆ), ಲೀಜನ್ ಆಫ್ ಮೇರಿ, ಜೀಸಸ್ ಯೂತ್, ಗಾನವೃಂದ ಅಂತ ನಾಲ್ಕಾರು ಗುಂಪು ಇವೆ. ಯಾವುದು ಒಳ್ಳೆಯದು, ಓದಿಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ.

ನಾನು ಮಂಗಳೂರು ಕಡೆಯವಳು. ಹೈಸ್ಕೂಲಿನಲ್ಲಿ ವೈಸಿಎಸ್‌ನಲ್ಲಿದ್ದೆ. ಈಗ ಬೆಂಗಳೂರಿನಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಕ್ಲಾಸು ತೆಗೆದುಕೊಳ್ಳುತ್ತೇನೆ. ನನ್ನ ಇಬ್ಬರು ಹೆಣ್ಣುಮಕ್ಕಳು ಬೇರೆ ಬೇರೆ ಗುಂಪಿನಲ್ಲಿದ್ದಾರೆ, ಹಾಗಾಗಿ ಎರಡು ಕಡೆಯ ಸುದ್ದಿಯೂ ಮನೆಗೆ ಬರುತ್ತದೆ. ನನ್ನ ಪ್ರಕಾರ ನೋಡಬೇಕಾದ್ದು ಎರಡೇ: ಗುಂಪು ನಡೆಸುವವರು ಯಾರು, ಅಲ್ಲಿ ಹುಡುಗಿಯರ ಪಾಲಿಗೆ ಯಾವ ಕೆಲಸ ಬರುತ್ತದೆ. ಒಂದೇ ಹೆಸರಿನ ಗುಂಪು ಒಂದು ಚರ್ಚಿನಲ್ಲಿ ಜೀವಂತವಾಗಿರುತ್ತದೆ, ಪಕ್ಕದ ಚರ್ಚಿನಲ್ಲಿ ಬ್ಯಾನರ್ ಮಾತ್ರ ಇರುತ್ತದೆ.

ವಯಸ್ಸಿನ ಲೆಕ್ಕ ಮೊದಲು ಮುಗಿಸೋಣ. ಕಥೋಲಿಕ ಯುವಜನರ ಸಂಘಟನೆ ಐಸಿವೈಎಮ್ ಸಾಮಾನ್ಯವಾಗಿ 16 ದಾಟಿದವರಿಗೆ, ಅದನ್ನು ಈಗ ಬಿಡಿ. ಜೀಸಸ್ ಯೂತ್ ಕೇರಳದಲ್ಲಿ 1985ರ ಹೊತ್ತಿಗೆ ಶುರುವಾಗಿದ್ದು, 2016ರಲ್ಲಿ ವ್ಯಾಟಿಕನ್ ಮಾನ್ಯತೆಯೂ ಸಿಕ್ಕಿದೆ. ಹಾಡು, ಗಟ್ಟಿ ದನಿಯ ಸ್ತುತಿ, ರಿಟ್ರೀಟು (ಧ್ಯಾನ ಶಿಬಿರ) ಇವೆಲ್ಲ ಜಾಸ್ತಿ. ಅದನ್ನು ಇಷ್ಟಪಡುವ ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಮೌನವಾಗಿ ಪ್ರಾರ್ಥನೆ ಮಾಡುವ ಸ್ವಭಾವದವರಿಗೆ ಮೊದಮೊದಲು ಗಾಬರಿಯಾಗಬಹುದು. ಗಾನವೃಂದ ಒಳ್ಳೆಯದೇ, ಆದರೆ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಮನೆಗೆ ಓಡುತ್ತಾರೆ. ಅದರ ಜೊತೆಗೆ ಇನ್ನೊಂದು ಗುಂಪು ಇದ್ದರೆ ವಾಸಿ.

ನಿಮ್ಮ ಮಗಳ ವಯಸ್ಸಿಗೆ ನಿಜವಾಗಿ ಉಳಿಯುವುದು ವೈಸಿಎಸ್ ಮತ್ತು ಲೀಜನ್ ಆಫ್ ಮೇರಿಯ ಕಿರಿಯರ ಘಟಕ. ಎರಡೂ ತೀರಾ ಬೇರೆ ಸ್ವಭಾವದವು.

ವೈಸಿಎಸ್‌ನ ಬೇರು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರ ಕೆಲಸದಲ್ಲಿದೆ. 1925ರಲ್ಲಿ ಅವರು ದುಡಿಯುವ ಯುವಕ ಯುವತಿಯರಿಗಾಗಿ ಕಟ್ಟಿದ ಸಂಘಟನೆಯ ವಿಧಾನವನ್ನೇ ವಿದ್ಯಾರ್ಥಿಗಳ ಗುಂಪುಗಳೂ ಹಿಡಿದವು. ನೋಡು, ವಿಚಾರ ಮಾಡು, ಕೆಲಸಕ್ಕಿಳಿ, ಇಷ್ಟೇ ಆ ವಿಧಾನ. ಹೇಳಲು ಸುಲಭ. ನಮ್ಮ ಗುಂಪಿನಲ್ಲಿ ಇದು ಹೇಗೆ ನಡೆಯಿತು ಅಂತ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಶಾಲೆಯ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಭೆಯಲ್ಲಿ ಒಬ್ಬಳು ನಾಚಿಕೊಂಡೇ ಅದನ್ನು ಹೇಳಿದಳು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ತಕ್ಷಣ 'ನಾನು ಹೇಳಿ ಮಾಡಿಸ್ತೀನಿ' ಅನ್ನಲಿಲ್ಲ. ಎಷ್ಟು ಬಾಗಿಲು, ಎಷ್ಟು ಜನ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ, ಕೇಳಿಕೊಂಡು ಬನ್ನಿ ಅಂದರು. ಆಮೇಲೆ ಬೈಬಲ್ ತೆಗೆದು ಒಂದು ಭಾಗ ಓದಿಸಿದರು, ಅದರ ಮೇಲೆ ಮಾತಾಡಿದೆವು. ಕೊನೆಗೆ ಅರ್ಜಿ ಬರೆದು ಹೆಡ್‌ಮಾಸ್ಟರ ಮುಂದೆ ನಾವೇ ನಿಂತೆವು. ಚಿಲಕ ಬಂತು. ಹದಿಮೂರು ಹದಿನಾಲ್ಕರ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ ರೀ. ವೈಸಿಎಸ್ ಸರಿಯಾಗಿ ನಡೆದರೆ ಹೀಗೆ. ನಡೆಯದಿದ್ದರೆ ವರ್ಷಕ್ಕೊಂದು ಪಿಕ್ನಿಕ್ಕು, ಒಂದು ಕ್ರಿಸ್ಮಸ್ ನಾಟಕ, ಅಷ್ಟೇ.

ಲೀಜನ್ ಆಫ್ ಮೇರಿಯಲ್ಲಿ ಎಲ್ಲವೂ ಕಟ್ಟುನಿಟ್ಟು. 1921ರಲ್ಲಿ ಡಬ್ಲಿನ್‌ನಲ್ಲಿ ಫ್ರಾಂಕ್ ಡಫ್ ಶುರುಮಾಡಿದ್ದು. ಅವರು ಪಾದ್ರಿ ಅಲ್ಲ, ಸರ್ಕಾರಿ ನೌಕರರು. ವಾರವಾರ ಸಭೆ, ತಪ್ಪಿಸುವ ಹಾಗಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ, ಮಾತೆ ಮರಿಯಳ ಸ್ವರೂಪ, ಎರಡು ಹೂದಾನಿ, ಎರಡು ಮೇಣದ ಬತ್ತಿ, ಲೀಜನ್ನಿನ ಪುಟ್ಟ ಧ್ವಜ. ಜಪಸರ ಹೇಳಬೇಕು. ಕಳೆದ ವಾರದ ವರದಿ ಓದಬೇಕು. ಆಮೇಲೆ ಪ್ರತಿಯೊಬ್ಬರೂ ತಮಗೆ ವಹಿಸಿದ ಕೆಲಸದ ಬಗ್ಗೆ ಬಾಯಿಬಿಟ್ಟು ಹೇಳಬೇಕು. ನನ್ನ ಚಿಕ್ಕ ಮಗಳು ಇದರಲ್ಲಿದ್ದಾಳೆ. ಇನ್ನೊಬ್ಬಳ ಜೊತೆ ಹೋಗಿ, ಕಣ್ಣು ಮಂಜಾದ ಒಬ್ಬ ಅಜ್ಜಿಗೆ ಪೇಪರ್ ಓದಿ ಹೇಳುವುದು ಅವಳ ಕೆಲಸ. ಅಜ್ಜಿಗೆ ಮೊದಲು ನಿಧನವಾರ್ತೆಯ ಪುಟವೇ ಬೇಕಂತೆ. ಕೆಲಸಕ್ಕೆ ಜೋಡಿಯಾಗಿಯೇ ಹೋಗಬೇಕು ಅನ್ನುವ ಅವರ ನಿಯಮ ನನಗೆ ತುಂಬಾ ಇಷ್ಟ. ಕಿರಿಯರ ಘಟಕಕ್ಕೆ ದೊಡ್ಡವರೊಬ್ಬರು ಅಧ್ಯಕ್ಷರಾಗಿ ಇರುತ್ತಾರೆ. ಮಾತಿಗೆ ನಾಚುವ ಮಗುವಿಗೆ ಈ ಕ್ರಮ ಒಂದು ಆಸರೆ, ಯಾಕಂದ್ರೆ ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ಮೊದಲೇ ಗೊತ್ತಿರುತ್ತದೆ. ಪ್ರಶ್ನೆ ಮೇಲೆ ಪ್ರಶ್ನೆ ಕೇಳುವ ಮಗುವಿಗೆ ಮಾತ್ರ ಉಸಿರು ಕಟ್ಟಬಹುದು. ನನ್ನ ದೊಡ್ಡವಳು ಆ ಜಾತಿ, ಅವಳು ವೈಸಿಎಸ್‌ಗೆ ಹೋದಳು.

ಈಗ ಹುಡುಗಿಯರ ಪಾಲಿನ ಕೆಲಸದ ವಿಷಯ. ಹುಡುಗ ಹುಡುಗಿಯರು ಒಟ್ಟಿಗಿರುವ ಗುಂಪು ನನಗೆ ಬೇಡ ಅನಿಸುವುದಿಲ್ಲ. ಆದರೆ ಹಬ್ಬ ಬಂತು ಅಂದ್ರೆ ಹುಡುಗರ ಕೈಗೆ ಮೈಕು, ಹುಡುಗಿಯರ ಕೈಗೆ ಟೀ ಟ್ರೇ ಮತ್ತು ರಂಗೋಲಿ ಪುಡಿ, ಹೀಗಾಗುತ್ತಿದ್ದರೆ ಯೋಚನೆ ಮಾಡಿ. ಇದನ್ನು ತಿಳಿಯಲು ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬದ ನವದಿನಗಳು, ಅಂದ್ರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ಒಳ್ಳೆಯ ಸಮಯ. ತಯಾರಿ ನಡೆಯುವಾಗ ಸುಮ್ನೆ ಹೋಗಿ ನಿಂತುಕೊಳ್ಳಿ. ಯಾರು ತೀರ್ಮಾನ ಮಾಡ್ತಾರೆ, ಯಾರು ಕುರ್ಚಿ ಒರೆಸ್ತಾರೆ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಪೀಠಸೇವೆಗೆ, ಅಂದ್ರೆ ಪೂಜೆಯ ವೇಳೆ ಪಾದ್ರಿಗೆ ನೆರವಾಗುವ ಕೆಲಸಕ್ಕೆ, ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರಾ ಅಂತಲೂ ಕೇಳಿ. 1994ರಲ್ಲೇ ರೋಮ್ ಅದಕ್ಕೆ ದಾರಿ ಬಿಟ್ಟಿದೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಚರ್ಚಿನ ಕಾನೂನನ್ನೇ ತಿದ್ದಿ, ವಾಚಕರ (ಪೂಜೆಯಲ್ಲಿ ಬೈಬಲ್ ಓದುವವರ) ಮತ್ತು ಪೀಠಸೇವಕರ ಅಧಿಕೃತ ಸೇವೆಯನ್ನೂ ಮಹಿಳೆಯರಿಗೆ ತೆರೆದರು. ಆದರೂ ಹುಡುಗಿಯರು ಪೀಠಸೇವೆ ಮಾಡುವುದು ಆಯಾ ಬಿಷಪರ ಮತ್ತು ಪಾದ್ರಿಗಳ ಒಪ್ಪಿಗೆಗೆ ಬಿಟ್ಟ ವಿಷಯ.

ಸುರಕ್ಷತೆ ಬಗ್ಗೆ ಕೇಳಲು ಸಂಕೋಚ ಬೇಡ. ಫಾದರ್ ಏನಂದುಕೊಳ್ಳುತ್ತಾರೋ ಅಂತ ತುಂಬಾ ತಾಯಂದಿರು ಸುಮ್ಮನಾಗುತ್ತಾರೆ. ಸಭೆಯಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು, ಅವರಲ್ಲಿ ಒಬ್ಬರು ಹೆಂಗಸು. ಶಿಬಿರಕ್ಕೆ ರಾತ್ರಿ ಉಳಿಯುವುದಾದರೆ ಹುಡುಗಿಯರ ಕೋಣೆಯ ಹತ್ತಿರ ಯಾರು ಮಲಗ್ತಾರೆ ಅಂತ ಕೇಳಿ. ದೊಡ್ಡವರು ಮಕ್ಕಳಿಗೆ ಬೇರೆ ಬೇರೆಯಾಗಿ ರಾತ್ರಿ ಮೆಸೇಜ್ ಮಾಡುವ ಅಭ್ಯಾಸ ಇದ್ದರೆ ಅಲ್ಲಿಗೆ ಕಳಿಸಲೇ ಬೇಡಿ. 2012ರ ಪೋಕ್ಸೋ ಕಾಯ್ದೆ ಚರ್ಚಿನ ಆವರಣಕ್ಕೂ ಅನ್ವಯಿಸುತ್ತದೆ. 1098 ಮಕ್ಕಳ ಸಹಾಯವಾಣಿ, ನಂಬರನ್ನು ಮಗಳಿಗೂ ಹೇಳಿಕೊಡಿ. ಒಳ್ಳೆಯ ನಾಯಕರು ಇಂಥ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ, ಭಾಷೆ. ಕನ್ನಡ, ತಮಿಳು, ಇಂಗ್ಲಿಷ್, ಕೆಲವು ಕಡೆ ಕೊಂಕಣಿ ಪೂಜೆಗಳಿರುವ ಚರ್ಚುಗಳಲ್ಲಿ ಗುಂಪುಗಳೂ ಹಾಗೇ ಹಂಚಿಹೋಗಿರುತ್ತವೆ. ಹಾಸನದಲ್ಲಿ ಕನ್ನಡದಲ್ಲೇ ಪ್ರಾರ್ಥನೆ ಕಲಿತ ಮಗು ಇಂಗ್ಲಿಷ್ ಗುಂಪಿನಲ್ಲಿ ಹಿಂದಿನ ಸಾಲಿಗೆ ಸರಿದುಬಿಡಬಹುದು. ಅವಳಿಗೆ ಸಲೀಸಾದ ಭಾಷೆಯ ಗುಂಪಿಗೇ ಮೊದಲು ಕಳಿಸಿ. ಇಂಗ್ಲಿಷ್ ಹೇಗೂ ಶಾಲೆಯಲ್ಲಿ ಬರುತ್ತದೆ.

ಓದಿನ ಚಿಂತೆ ಎಂಟು, ಒಂಬತ್ತರಲ್ಲಿ ಬೇಡ. ವಾರಕ್ಕೆ ಒಂದೆರಡು ಗಂಟೆ ಹೋದರೆ ಮಾರ್ಕ್ಸ್ ಬೀಳುವುದಿಲ್ಲ, ಮೊಬೈಲಿಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಎಸ್‌ಎಸ್‌ಎಲ್‌ಸಿ ವರ್ಷ ಏನು ಮಾಡ್ತೀರಿ ಅಂತ ಮೊದಲೇ ನಾಯಕರ ಹತ್ತಿರ ಮಾತಾಡಿಕೊಳ್ಳಿ, ಮುಖ್ಯವಾಗಿ ಲೀಜನ್ ಆದರೆ, ಅಲ್ಲಿ ಹಾಜರಿ ಬಿಗಿ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಹೆಸರು ಕೊಡುವ ಮೊದಲು ಎರಡೂ ಗುಂಪಿನ ಸಭೆಗೆ ಮಗಳನ್ನು ಕೂರಿಸುತ್ತಿದ್ದೆ. ಮನೆಗೆ ಬಂದ ಮೇಲೆ 'ಹೇಗಿತ್ತು' ಅಂತ ಕೇಳಿದರೆ 'ಚೆನ್ನಾಗಿತ್ತು' ಅಂತ ಹೇಳಿ ಮುಗಿಸ್ತಾಳೆ. 'ನೀನು ಏನು ಮಾತಾಡಿದೆ' ಅಂತ ಕೇಳಿ. ನಿಮ್ಮ ಚರ್ಚಿನಲ್ಲಿ ವೈಸಿಎಸ್ ಹೆಸರಿಗಷ್ಟೇ ಇದ್ದರೆ ಅವಳ ಶಾಲೆಯಲ್ಲಿ ವಿಚಾರಿಸಿ, ಸಿಸ್ಟರ್‌ಗಳು ನಡೆಸುವ ಹಲವು ಹೈಸ್ಕೂಲುಗಳಲ್ಲಿ ಘಟಕ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಬೆಂಗಳೂರು ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪರ ವ್ಯಾಪ್ತಿಯ) ಪಾಲನಾ ಭವನಕ್ಕೆ ಒಮ್ಮೆ ಹೋಗಿ, ನಿಮ್ಮ ಏರಿಯಾದ ಹತ್ತಿರ ಯಾವ ಗುಂಪು ಚುರುಕಾಗಿದೆ ಅಂತ ಯುವ ಆಯೋಗದವರನ್ನೇ ಕೇಳಿ.