‘ನಮ್ಮ ನಾಯಿ ಏನೂ ಮಾಡಲ್ಲ’ ಅಂದರೆ ಸಾಕಾ?

ಪ್ರಶ್ನೆ: ನಮ್ಮದು ಎರಡು ವರ್ಷದ ಲ್ಯಾಬ್ರಡಾರ್. ಯಾರನ್ನು ಕಂಡರೂ ಬಾಲ ಆಡಿಸುತ್ತಾ ಹೋಗುತ್ತದೆ. ಮೊನ್ನೆ ಪಾರ್ಕಿನಲ್ಲಿ ಲೀಶ್ ಬಿಚ್ಚಿದ್ದೆ. ಎದುರಿಗೆ ಬರುತ್ತಿದ್ದ ನಾಯಿಯ ಹತ್ತಿರ ಓಡಿತು. ಅದು ಹಲ್ಲು ಬಿಟ್ಟು ಮೇಲೆ ಬಿತ್ತು. ಗಾಯವೇನೂ ಆಗಲಿಲ್ಲ. ‘ನಮ್ಮದು ಏನೂ ಮಾಡಲ್ಲ’ ಅಂತ ಕೂಗಿ ಹೇಳಿದ್ದೆ. ಆದರೂ ಅದರ ಜೊತೆಗಿದ್ದ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನೇ ಬೈದರು. ಕಚ್ಚಲು ಬಂದದ್ದು ಅವರ ನಾಯಿ. ತಪ್ಪು ನನ್ನದು ಹೇಗೆ?

ಉತ್ತರ: ಗಾಯ ಆಗಲಿಲ್ಲವಲ್ಲ, ಅದು ಸಮಾಧಾನದ ವಿಷಯ. ಆದರೆ ತಪ್ಪು ನಿಮ್ಮ ಕಡೆಯದೇ. ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಇದು ಸುಲಭವಾಗಿ ತಿದ್ದಿಕೊಳ್ಳಬಹುದಾದ ತಪ್ಪು.

ನಿಮ್ಮ ನಾಯಿ ಏನೂ ಮಾಡಲ್ಲ ಅನ್ನೋದು ನಿಮಗೆ ಗೊತ್ತು. ಎದುರಿನ ನಾಯಿಗೆ ಗೊತ್ತಿಲ್ಲ ಅಲ್ವಾ? ಅದಕ್ಕೆ ಕಂಡದ್ದು ಇಷ್ಟೇ: ಗುರುತಿಲ್ಲದ ದೊಡ್ಡ ನಾಯಿಯೊಂದು ಸೀದಾ ತನ್ನ ಕಡೆಗೇ ಓಡಿ ಬರುತ್ತಿದೆ. ನಾಯಿಗಳು ಮರ್ಯಾದೆಯಿಂದ ಹತ್ತಿರ ಬರುವಾಗ ಸ್ವಲ್ಪ ಸುತ್ತಿ ಬಳಸಿ, ನೆಲ ಮೂಸುತ್ತಾ ಪಕ್ಕದಿಂದ ಬರುತ್ತವೆ. ಎದುರಾಎದುರು ನುಗ್ಗುವುದು ಅವುಗಳ ಲೆಕ್ಕದಲ್ಲಿ ಒರಟುತನ. ಹೆದರಿದ ನಾಯಿ ಓಡಿಹೋಗಲು ನೋಡುತ್ತದೆ. ಆದರೆ ಲೀಶ್ ಕಟ್ಟಿದೆ, ದಾರಿಯಿಲ್ಲ. ಉಳಿದದ್ದು ಬೊಗಳಿ, ಹಲ್ಲು ತೋರಿಸಿ ‘ದೂರ ಹೋಗು’ ಅನ್ನುವುದು ಮಾತ್ರ. ನೋಡುವವರಿಗೆ ಅದು ಸಿಟ್ಟಿನ ಹಾಗೆ ಕಾಣುತ್ತದೆ. ಒಳಗಿರುವುದು ಬಹಳ ಸಲ ಭಯ.

ಇಂಥವನ್ನು ರಿಯಾಕ್ಟಿವ್ ನಾಯಿಗಳು ಅನ್ನುತ್ತೇವೆ. ಮರಿಯಿದ್ದಾಗ, ಸುಮಾರು 3ರಿಂದ 14 ವಾರದೊಳಗೆ, ಹೊರಗಿನ ಜನ, ನಾಯಿ, ಸದ್ದು ಕಾಣದೆ ಬೆಳೆದಿರಬಹುದು. ಹಿಂದೆ ಯಾವುದಾದರೂ ನಾಯಿ ಕಚ್ಚಿರಬಹುದು. ಕೀಲುನೋವು ಇರಬಹುದು. ನೋಯುವ ಮೈಯನ್ನು ಯಾರಾದರೂ ಮುಟ್ಟಲು ಬಂದರೆ ನಾವೂ ರೇಗುತ್ತೇವಲ್ಲ, ಹಾಗೆ.

ನನ್ನ ಹತ್ತಿರ ತರಬೇತಿಗೆ ಬರುತ್ತಿದ್ದ ಒಂದು ಕಂದು ನಾಯಿಯ ವಿಷಯ ಹೇಳುತ್ತೇನೆ. ದೂರದಲ್ಲಿ ಇನ್ನೊಂದು ನಾಯಿ ಕಂಡರೆ ಮೊದಲು ಅದರ ಬಾಯಿ ಮುಚ್ಚುತ್ತಿತ್ತು. ಅಲ್ಲಿಯತನಕ ನಾಲಿಗೆ ಹೊರಗೆ ಹಾಕಿ ಏದುತ್ತಿದ್ದದ್ದು ಥಟ್ಟನೆ ನಿಲ್ಲುತ್ತಿತ್ತು. ಆಮೇಲೆ ಮೂಗು ಒಮ್ಮೆ ನೆಕ್ಕಿಕೊಳ್ಳುತ್ತಿತ್ತು. ಮೈ ಬಿಗಿಯಾಗುತ್ತಿತ್ತು. ಬೊಗಳುತ್ತಿದ್ದದ್ದು ಇದೆಲ್ಲ ಆದ ಮೇಲೆ. ಬಾಯಿ ಮುಚ್ಚಿದ ಕೂಡಲೇ ನಾವು ತಿರುಗಿ ನಡೆದರೆ ಅದು ಬೊಗಳುತ್ತಲೇ ಇರಲಿಲ್ಲ. ಐವತ್ತು ಹೆಜ್ಜೆ ದೂರದಿಂದ ಶುರು ಮಾಡಿ, ಇಪ್ಪತ್ತು ಹೆಜ್ಜೆಯಲ್ಲಿ ಇನ್ನೊಂದು ನಾಯಿಯನ್ನು ಸುಮ್ನೆ ನೋಡಿಕೊಂಡು ನಿಲ್ಲುವ ಹಂತಕ್ಕೆ ಬರಲು ತಿಂಗಳುಗಳೇ ಬೇಕಾದವು. ಒಂದು ಬೆಳಿಗ್ಗೆ ಯಾರದೋ ಸಾಧು ನಾಯಿ ಆಟಕ್ಕೆಂದು ಓಡಿ ಬಂತು. ನಾವು ಮತ್ತೆ ಐವತ್ತಕ್ಕೇ ಹೋದೆವು. ಆ ಹೆಂಗಸಿನ ಕಣ್ಣೀರು ನನಗೆ ಅರ್ಥವಾಗುತ್ತದೆ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಒಂದೇ ಕೂಗಿಗೆ, ಎದುರಿಗೆ ಇನ್ನೊಂದು ನಾಯಿ ಇದ್ದಾಗಲೂ, ತಿರುಗಿ ಬರುವ ತನಕ ಲೀಶ್ ಬಿಚ್ಚಬೇಡಿ. ಎಳೆದಷ್ಟೂ ಉದ್ದವಾಗುವ ಲೀಶ್ ಇದ್ದರೆ ಬೇರೆ ನಾಯಿ ಕಂಡಾಗ ಅದನ್ನು ಚಿಕ್ಕದು ಮಾಡಿ ಲಾಕ್ ಹಾಕಿ. ದೂರದಿಂದಲೇ ‘ಹತ್ತಿರ ಬರಬಹುದಾ?’ ಅಂತ ಕೇಳಿ. ‘ಬೇಡ’ ಅಂದರೆ ಯಾಕೆ ಅಂತ ಕೇಳದೆ ದಾರಿ ಬಿಡಿ. ಕಿರಿದಾದ ದಾರಿಯಾದರೆ ಬದಿಗೆ ಸರಿದು, ಎರಡು ನಾಯಿಗಳ ನಡುವೆ ನೀವು ಇರುವಂತೆ ನಿಲ್ಲಿ. ಅವರು ದಾಟಿ ಹೋಗುವ ತನಕ ನಿಮ್ಮದಕ್ಕೆ ಒಂದೊಂದೇ ತಿಂಡಿ ಕೊಡುತ್ತಿರಿ.

ಲೀಶಿಗೆ ಹಳದಿ ರಿಬ್ಬನ್ ಕಟ್ಟಿದ್ದರೆ ‘ನನಗೆ ಜಾಗ ಬೇಕು’ ಅಂತ ಅರ್ಥ. ಹಲವು ದೇಶಗಳಲ್ಲಿ ಈ ಗುರುತು ಬಳಕೆಯಲ್ಲಿದೆ. ಆದರೆ ರಿಬ್ಬನ್ ಇಲ್ಲ ಅಂದ ಮಾತ್ರಕ್ಕೆ ಹತ್ತಿರ ಹೋಗಬಹುದು ಅಂತಲ್ಲ. ಮೂತಿಗೆ ಕುಕ್ಕೆ, ಅಂದರೆ ಮಝಲ್, ಹಾಕಿದ ನಾಯಿಯನ್ನು ಕೆಟ್ಟದು ಅಂದುಕೊಳ್ಳಬೇಡಿ. ಅದರ ಮನೆಯವರು ಜಾಸ್ತಿ ಎಚ್ಚರ ವಹಿಸಿದ್ದಾರೆ, ಅಷ್ಟೇ.

ಆ ಹೆಂಗಸು ಮತ್ತೆ ಕಂಡರೆ ದೂರದಿಂದಲೇ ‘ಅವತ್ತು ತಪ್ಪಾಯಿತು’ ಅನ್ನಿ. ನಾಯಿಯನ್ನು ಕರೆದುಕೊಂಡು ಹತ್ತಿರ ಹೋಗಿ ಹೇಳಬೇಡಿ.

ಪ್ರಶ್ನೆ: ನನ್ನದು ಹೆದರುವ ನಾಯಿ. ಬೇರೆಯವರ ನಾಯಿ ಓಡಿ ಬಂದರೆ ಏನು ಮಾಡಲಿ? ಗುರ್ ಅಂದಾಗ ಬೈಯಬೇಕಾ?

ಉತ್ತರ: ಬೈಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಬೈದು ಅದನ್ನು ಅಡಗಿಸಿದರೆ ಭಯ ಹಾಗೇ ಉಳಿಯುತ್ತದೆ, ಮುಂದೊಂದು ದಿನ ಎಚ್ಚರಿಕೆ ಇಲ್ಲದೆಯೇ ಕಚ್ಚಬಹುದು. ಓಡಿ ಬರುವ ನಾಯಿ ಕಂಡರೆ ನಿಮ್ಮದನ್ನು ಹಿಂದಕ್ಕೆ ತೆಗೆದುಕೊಂಡು, ಅಂಗೈ ಮುಂದೆ ಮಾಡಿ ‘ನಿಲ್ಲು’ ಅನ್ನಿ. ಒಂದು ಹಿಡಿ ತಿಂಡಿಯನ್ನು ಅದರ ಮುಂದೆ ನೆಲಕ್ಕೆ ಎರಚಿ. ಬಹಳಷ್ಟು ನಾಯಿಗಳು ತಿನ್ನಲು ನಿಲ್ಲುತ್ತವೆ. ನಿಮಗೆ ಆ ಕೆಲವು ಸೆಕೆಂಡು ಸಾಕು, ದೂರ ನಡೆದುಬಿಡಿ. ಲೀಶ್ ಸಡಿಲವಾಗಿರಲಿ, ನೀವು ಬಿಗಿಯಾಗಿ ಎಳೆದು ಹಿಡಿದಷ್ಟೂ ಅದರ ಗಾಬರಿ ಹೆಚ್ಚುತ್ತದೆ. ಜಗಳ ಹತ್ತಿಕೊಂಡರೆ ಮಾತ್ರ ಬಾಯಿಗಳ ನಡುವೆ ಕೈ ಹಾಕಬೇಡಿ.

ಅಂಥ ಗಾಬರಿ ಆ ಗಳಿಗೆಗೇ ಇಳಿಯುವುದಿಲ್ಲ. ಅದು ಇಳಿಯುವ ಮೊದಲು ಇನ್ನೊಂದು ಸಣ್ಣ ಸದ್ದಾದರೂ ನಾಯಿ ರೇಗಬಹುದು. ಮಾರನೇ ದಿನ ಜನ ಕಡಿಮೆ ಇರುವ ಹೊತ್ತಿನಲ್ಲಿ ಹೊರಡಿ. ದೂರ ನಡೆಸುವುದು ಬೇಡ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೂಸಲು ಬಿಡಿ.