ಅಕ್ಟೋಬರ್‌ನ ನಂಬರ್ ಒನ್ ಮಾರ್ಚ್‌ಗೆ ಎಲ್ಲಿರುತ್ತದೆ?

ಪ್ರಶ್ನೆ: ನಮ್ಮ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚರು. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳಬೇಕು, ತಪ್ಪಿದವನು ಗಿರ್ಮಿಟ್ ಕೊಡಿಸಬೇಕು. ನನ್ನ ರೂಮ್‌ಮೇಟ್ ಒಂದು ಆಟವನ್ನೂ ನೋಡುವುದಿಲ್ಲ. ಸೀಸನ್‌ಗೆ ಮುಂಚೆ ಬರುವ ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಪಟ್ಟಿ ತೆಗೆದು, ಮೇಲಿರುವ ಟೀಮಿನ ಹೆಸರು ಹೇಳಿಬಿಡುತ್ತಾನೆ. ಇನ್ನೂ ಅಂಗಳಕ್ಕೇ ಇಳಿಯದ ಟೀಮಿಗೆ ಅದೆಂಥ ರ‍್ಯಾಂಕ್?
– ಒಬ್ಬ ಓದುಗ, ಬೆಳಗಾವಿ

ಉತ್ತರ: ಜಾತ್ರೆ ಕುಸ್ತಿಗೆ ಜೋಡಿ ಹಚ್ಚುವುದನ್ನು ನೋಡಿದ್ದೀರಲ್ವಾ? ಹೋದ ವರ್ಷ ಗೆದ್ದವನ ಹೆಸರು ಮೇಲೆ. ಈ ವರ್ಷ ಅವನು ತಾಲೀಮು ಮಾಡಿದ್ದಾನೋ ಮದುವೆ ಊಟ ಮಾಡಿಕೊಂಡು ಓಡಾಡಿದ್ದಾನೋ, ಅದು ಮಣ್ಣಿಗಿಳಿದ ಮೇಲೆ ಗೊತ್ತು. ಎಪಿ ಪಟ್ಟಿಯೂ ಹಾಗೇ. ಸುಮಾರು 60 ಪತ್ರಕರ್ತರು ಅಕ್ಟೋಬರ್‌ನಲ್ಲಿ ತಲಾ 25 ಟೀಮ್ ಬರೆದು ಕಳಿಸುತ್ತಾರೆ. ಮೊದಲನೆಯದಕ್ಕೆ 25 ಅಂಕ, ಎರಡನೆಯದಕ್ಕೆ 24, ಕೊನೆಯದಕ್ಕೆ 1. ಮೆಟ್ಟಿಲೆಲ್ಲ ಒಂದೇ ಎತ್ತರ. ಆದರೆ ಟೀಮುಗಳ ನಡುವಿನ ಅಂತರ ಹಾಗಿರುವುದಿಲ್ಲ, 9ನೆಯದಕ್ಕೂ 18ನೆಯದಕ್ಕೂ ಎಷ್ಟೋ ಸಲ ಒಂದೆರಡು ಬಾಸ್ಕೆಟ್‌ನ ವ್ಯತ್ಯಾಸ ಅಷ್ಟೇ. ನಿಮ್ಮ ರೂಮ್‌ಮೇಟ್ ಗಿರ್ಮಿಟ್ ಕಳೆದುಕೊಳ್ಳುವುದು ಅಲ್ಲೇ ಇರಬೇಕು.

ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಟೀಮನ್ನೇ ನೋಡಿ. ಪ್ರತಿ ಮಾರ್ಚ್‌ನಲ್ಲಿ ಶುರುವಾಗುವ ರಾಷ್ಟ್ರೀಯ ಟೂರ್ನಿಯ 2022ರ ಫೈನಲ್‌ನಲ್ಲಿ ಕಾನ್ಸಾಸ್ ವಿರುದ್ಧ 72-69ರಿಂದ ಸೋತಿತ್ತು, ಆಟ ಶುರು ಮಾಡುವ ಐವರಲ್ಲಿ ನಾಲ್ವರು ವಾಪಸ್ ಬಂದರು, ಹಾಗಾಗಿ ಆ ಅಕ್ಟೋಬರ್‌ನಲ್ಲಿ ನಂಬರ್ ಒನ್. ಮಾರ್ಚ್ ಬಂದಾಗ 68 ಟೀಮುಗಳ ಟೂರ್ನಿಗೇ ಕರೆ ಬರಲಿಲ್ಲ! ಅದೇ ಸಲ ಗೆದ್ದ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಹೆಸರು ಮೊದಲ ಪಟ್ಟಿಯ 25ರಲ್ಲಿ ಎಲ್ಲೂ ಇರಲಿಲ್ಲ. 2024ರ ಅಕ್ಟೋಬರ್‌ನ ನಂಬರ್ ಒನ್ ಕಾನ್ಸಾಸ್ ಮರುವರ್ಷದ ಮಾರ್ಚ್‌ನಲ್ಲಿ ಮೊದಲ ಪಂದ್ಯಕ್ಕೇ ಅರ್ಕನ್ಸಾಸ್ ಕೈಲಿ ಸೋತು ಮನೆಗೆ ಹೋಯಿತು. ಈಗ ಆಟಗಾರರು ಕಾಲೇಜು ಬದಲಿಸಲು ಹೆಸರು ಹಚ್ಚುವ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ ಇದೆ, ಒಂದೇ ಬೇಸಿಗೆಯಲ್ಲಿ ಅರ್ಧ ಟೀಮ್ ಬದಲಾಗಿಬಿಡುತ್ತದೆ. ಹೆಸರು ಹಳೆಯದು, ಹುಡುಗರು ಹೊಸಬರು.

ಹಾಗಂತ ಪಟ್ಟಿ ಹರಿದು ಒಲೆಗೆ ಹಾಕಬೇಡಿ. ನವೆಂಬರ್‌ನಲ್ಲಿ ಬೇರೆ ಏನೂ ಕೈಯಲ್ಲಿ ಇರುವುದಿಲ್ಲ, ಆಗ ಅದೇ ಗತಿ. ಡಿಸೆಂಬರ್ ದಾಟಿದ ಮೇಲೆ ಅಂಕಿಅಂಶದಿಂದ ಟೀಮುಗಳನ್ನು ಅಳೆಯುವ ಕೆನ್ ಪೊಮರಾಯ್ ಎಂಬಾತನ ಲೆಕ್ಕ ನೋಡಿ. ಚೆಂಡು 100 ಸಲ ಕೈಗೆ ಬಂದರೆ ಟೀಮ್ ಎಷ್ಟು ಪಾಯಿಂಟ್ ಹೊಡೆಯುತ್ತದೆ, ಎದುರಿನವರಿಗೆ ಎಷ್ಟು ಬಿಟ್ಟುಕೊಡುತ್ತದೆ, ಎದುರಾಳಿ ಎಂಥವನು, ಇಷ್ಟೂ ಅದರಲ್ಲಿ ಸೇರಿರುತ್ತದೆ. ಸರಸರ ಆಡಿ 90 ಹೊಡೆಯುವ ಟೀಮಿಗಿಂತ ನಿಧಾನಕ್ಕೆ ಆಡಿ 65 ಹೊಡೆಯುವ ಟೀಮ್ ಗಟ್ಟಿ ಇರಬಹುದು. ಸುಮ್ನೆ ಸ್ಕೋರ್ ನೋಡಿದರೆ ಅದು ಕಾಣುವುದಿಲ್ಲ.

ಆಮೇಲೆ, ಆಟ ಯಾರ ಅಂಗಳದಲ್ಲಿ ಅಂತ ಕೇಳಿ. ನಾನು ಕಾಲೇಜು ಟೀಮಿನಲ್ಲಿ ಜಾಸ್ತಿ ಬೆಂಚ್ ಕಾಯಿಸಿದವನು, ಆದ್ದರಿಂದ ನೋಡುವುದಕ್ಕೆ ಪುರುಸೊತ್ತು ಇತ್ತು. ಒಮ್ಮೆ ಬಾಗಲಕೋಟೆಯಲ್ಲಿ ಸಿಮೆಂಟ್ ಕೋರ್ಟ್, ಒಂದು ಬದಿಯ ರಿಂಗ್ ಸಡಿಲ. ನಮ್ಮವರು ಬೋರ್ಡಿಗೆ ಬಡಿದದ್ದೆಲ್ಲ ಆಚೆ ಹಾರಿತು. ಅಲ್ಲಿನ ಹುಡುಗರು ಮಾತ್ರ ರಿಂಗಿಗೆ ತಾಗಿಸಿ ಹಾಕುತ್ತಿದ್ದರು, ಚೆಂಡು ಅದರ ಮೇಲೆ ಸತ್ತು ಬಿದ್ದು ಮೆಲ್ಲಗೆ ಒಳಗಿಳಿಯುತ್ತಿತ್ತು. ಅಮೆರಿಕದಲ್ಲಿ ರಿಂಗ್ ಗಟ್ಟಿ ಇರುತ್ತದೆ, ಆದರೆ ಅಲ್ಲೂ ತವರಿನ ಟೀಮಿಗೆ ಮೂರು ಪಾಯಿಂಟ್ ಹೆಚ್ಚು ಕೊಟ್ಟೇ ಲೆಕ್ಕ ಶುರು ಮಾಡುವುದು.

ಪ್ರಶ್ನೆ: ಮಾರ್ಚ್ ಟೂರ್ನಿಯಲ್ಲಿ 16ನೇ ಸೀಡ್ (ತನ್ನ ಗುಂಪಿನ ಕಟ್ಟಕಡೆಯ) ಟೀಮ್ 1ನೇ ಸೀಡನ್ನು (ಗುಂಪಿನ ಮೊದಲ ಟೀಮನ್ನು) ಹೊಡೆದದ್ದು ಇದೆಯಾ? ಈ ಸಲ ಒಂದು ಕೈ ನೋಡೋಣ ಅಂತ ಆಸೆ.
– ಓದುಗರೊಬ್ಬರು, ಜಮಖಂಡಿ

ಉತ್ತರ: ಇದೆ. ಪುರುಷರ ಟೂರ್ನಿಯಲ್ಲಿ 1985ರಿಂದ 2025ರವರೆಗಿನ ಅಂಥ 160 ಪಂದ್ಯಗಳಲ್ಲಿ ಎರಡು ಸಲ. 2018ರಲ್ಲಿ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ) ವರ್ಜೀನಿಯಾವನ್ನು 74-54ರಿಂದ ಕೆಡವಿತು, 2023ರಲ್ಲಿ ಫೇರ್ಲಿ ಡಿಕಿನ್ಸನ್ ಪರ್ಡ್ಯೂವನ್ನು 63-58ರಿಂದ. ವರ್ಜೀನಿಯಾ ಮರುವರ್ಷವೇ ಚಾಂಪಿಯನ್ ಆಯಿತು ನೋಡಿ. ಪಣ ಒಂದು ಪ್ಲೇಟ್ ಮಿರ್ಚಿ ಆದರೆ ಧೈರ್ಯವಾಗಿ 16 ಅನ್ನಿ, ಅದಕ್ಕಿಂತ ಜಾಸ್ತಿ ಆದರೆ ಬಾಯಿ ಮುಚ್ಚಿಕೊಂಡು 1.