1800 ತಪ್ಪಲ್ಲ, ತಾಯಿ

ಗುಬ್ಬಿಯಿಂದ ಒಬ್ಬ ತಾಯಿ ಬರೆದ ಪತ್ರ ಇದು. ಮಗಳು ತುಮಕೂರಿನ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ಕೆಮಿಸ್ಟ್ರಿ ಪರೀಕ್ಷೆ ಮುಗಿಸಿ ಬಂದವಳು ಅವತ್ತು ಊಟಕ್ಕೇ ಕೂರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗೆಳತಿಯರ ಜೊತೆ ಉತ್ತರ ತಾಳೆ ನೋಡಿದಳಂತೆ. ಒಂದು ಲೆಕ್ಕಕ್ಕೆ ಅವರಿಗೆಲ್ಲ 30 ಬಂದಿದೆ, ಇವಳಿಗೆ 1800. ‘ಎಪ್ಪತ್ತಕ್ಕೆ ಐವತ್ತೆರಡು ದಾಟಲ್ಲ’ ಅಂತ ಅತ್ತಳಂತೆ. ಮ್ಯಾಥ್ಸ್ ಪರೀಕ್ಷೆ ಇನ್ನೂ ಬಾಕಿ ಇತ್ತು. ತಾಯಿ ಕ್ವಶ್ಚನ್ ಪೇಪರ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಇನ್ನು ಯಾರ ಜೊತೆಗೂ ಉತ್ತರದ ಮಾತೇ ಆಡಬೇಡ ಅಂದಿದ್ದಾರೆ. ‘ನಾನು ಮಾಡಿದ್ದು ಸರಿಯೇ?’ ಅಂತ ಕೇಳಿದ್ದಾರೆ.

ತಾಯಿ, ಬೀಗ ಹಾಕುವ ಮೊದಲು ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ಆ ಲೆಕ್ಕವನ್ನು ಹಾಗೇ ಪತ್ರದಲ್ಲಿ ಇಳಿಸಿದ್ದೀರಿ. ಮಗಳು ಪೇಪರಿನ ಅಂಚಿನಲ್ಲಿ ಪೆನ್ಸಿಲ್‌ನಿಂದ 1800 ಅಂತ ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ‘ಮೈನಸ್ 3’ ಅಂತ ಹಾಕಿಕೊಂಡಿದ್ದನ್ನೂ ಬಿಟ್ಟಿಲ್ಲ. ಅದನ್ನು ಓದಿ ನನಗೆ ತಡೆಯಲಾಗಲಿಲ್ಲ. ನೀವು ಕೊಟ್ಟ ನಂಬರಿಗೆ ಅವತ್ತೇ ಫೋನ್ ಮಾಡಿ ಮಗಳಿಗೆ ವಿಷಯ ಹೇಳಿದೆ. ಇಂಥ ಮನೆ ನಿಮ್ಮದೊಂದೇ ಅಲ್ಲ, ಅದಕ್ಕೇ ಇಲ್ಲಿಯೂ ಬರೆಯುತ್ತಿದ್ದೇನೆ.

ಅದು ಫಸ್ಟ್ ಆರ್ಡರ್ ಕ್ರಿಯೆಯ ಲೆಕ್ಕ, ಅಂದರೆ ಇರುವ ವಸ್ತು ಕಡಿಮೆಯಾದಷ್ಟೂ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುವ ಕ್ರಿಯೆ. ರೇಟ್ ಕಾನ್‌ಸ್ಟಂಟ್ ಕೊಟ್ಟಿದ್ದಾರೆ, ಅದು ಕ್ರಿಯೆಯ ವೇಗ ಹೇಳುವ ಸಂಖ್ಯೆ, ಇಲ್ಲಿ ಪ್ರತಿ ಸೆಕೆಂಡಿಗೆ 0.000385. ಹಾಫ್ ಲೈಫ್ ಎಷ್ಟು ಅಂತ ಕೇಳಿದ್ದಾರೆ. ಅಂದರೆ ಇರುವ ವಸ್ತು ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ. ಇದಕ್ಕೆ ಸೂತ್ರ ಸುಲಭ. 0.693 ಅನ್ನು ರೇಟ್ ಕಾನ್‌ಸ್ಟಂಟ್‌ನಿಂದ ಭಾಗಿಸಬೇಕು. ಭಾಗಿಸಿ ನೋಡಿ, ಸರಿಯಾಗಿ 1800 ಬರುತ್ತದೆ. 1800 ಏನು? ಸೆಕೆಂಡು. ಅದನ್ನು ಅರವತ್ತರಿಂದ ಭಾಗಿಸಿದರೆ 30 ನಿಮಿಷ. ಗೆಳತಿಯರು ನಿಮಿಷಕ್ಕೆ ತಿರುಗಿಸಿ ಬರೆದಿದ್ದಾರೆ, ನಿಮ್ಮ ಮಗಳು ಸೆಕೆಂಡಿನಲ್ಲೇ ಬಿಟ್ಟಿದ್ದಾಳೆ. ಉತ್ತರ ಒಂದೇ. ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಒಬ್ಬಳು ‘ಥರ್ಟಿ’ ಅಂದಿದ್ದಾಳೆ, ಉಳಿದವರು ‘ನಂದೂ ಥರ್ಟಿ’ ಅಂದಿದ್ದಾರೆ. ಥರ್ಟಿ ಏನು ಅಂತ ಯಾರೂ ಕೇಳಲಿಲ್ಲ. ಇವಳೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅನ್ನುವುದೇ ನನಗೆ ದೊಡ್ಡ ವಿಷಯ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತ ಬರೆದಿದ್ದೀರಿ. ಕನ್ನಡದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ಬಂದ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಗುಬ್ಬಿ, ಕೊರಟಗೆರೆ, ಶಿರಾ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಲೆಕ್ಕ ಚೆನ್ನಾಗಿ ಮಾಡುತ್ತಾರೆ. ಆದರೆ ಟೌನಿನ ಹುಡುಗಿ ಇಂಗ್ಲಿಷಿನಲ್ಲಿ ಪಟಪಟ ಅಂತ ಉತ್ತರ ಹೇಳಿದರೆ ಸಾಕು, ನಂದೇ ತಪ್ಪಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಗುಂಪಿನಲ್ಲಿ ಜೋರಾಗಿ ಹೇಳಿದವರ ಉತ್ತರವೇ ಕೀ ಆನ್ಸರ್ ಆಗಿಬಿಡುತ್ತದೆ.

ಇದು ನನಗೂ ಆಗಿದೆ. ನಾನು ಪಿಯುಸಿ ಬರೆದಾಗ ಕೆಮಿಸ್ಟ್ರಿಯಲ್ಲಿ ಬೆಂಜಾಲ್ಡಿಹೈಡ್ ಮೇಲೆ ಒಂದು ಪ್ರಶ್ನೆ ಬಂದಿತ್ತು. ಅದಕ್ಕೆ ಗಟ್ಟಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಏನಾಗುತ್ತದೆ ಅಂತ. ನಾನು ಕ್ಯಾನಿಜಾರೊ ಕ್ರಿಯೆ ಅಂತ ಬರೆದಿದ್ದೆ. ಪರೀಕ್ಷೆ ಮುಗಿಸಿ ಬಿ.ಎಚ್. ರಸ್ತೆಯಲ್ಲಿ ನಡೆದು ಬರುವಾಗ, ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಗೆಳೆಯ ‘ಅದು ಆಲ್ಡಾಲ್ ಕಣೋ’ ಅಂದ. ಆಲ್ಡಾಲ್ ಅಂದರೆ ಬೇರೆಯೇ ಕ್ರಿಯೆ. ಅವನು ಹೇಳಿದ ಮೇಲೆ ಮುಗಿಯಿತು. ಬೆಂಜಾಲ್ಡಿಹೈಡ್‌ನಲ್ಲಿ ಆಲ್ಫಾ ಹೈಡ್ರೋಜನ್, ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್, ಇಲ್ಲವೇ ಇಲ್ಲ, ಅದಿಲ್ಲದೆ ಆಲ್ಡಾಲ್ ಆಗುವುದೇ ಇಲ್ಲ. ನನಗೆ ಅದು ಗೊತ್ತಿತ್ತು. ಪರೀಕ್ಷೆಯಲ್ಲಿ ಅದನ್ನೇ ನೆನೆಸಿಕೊಂಡು ಬರೆದಿದ್ದೆ. ಆದರೂ ರಸ್ತೆಯಲ್ಲಿ ಬಾಯಿ ಬರಲಿಲ್ಲ. ರಾತ್ರಿ ಎಲ್ಲ ನಿದ್ದೆ ಇಲ್ಲ. ಫಿಸಿಕ್ಸ್‌ಗೆ ಓದಲು ಕೂತರೆ ಕಣ್ಣ ಮುಂದೆ ಅದೇ ಪ್ರಶ್ನೆ. ರಿಸಲ್ಟ್ ಬಂದಾಗ ಕೆಮಿಸ್ಟ್ರಿ ಚೆನ್ನಾಗಿಯೇ ಇತ್ತು. ಫಿಸಿಕ್ಸ್ ಹೋಗಿತ್ತು.

ಹಾಗಾದರೆ ತಾಳೆ ನೋಡುವುದೇ ಬೇಡ ಅನ್ನಬಹುದಲ್ವಾ? ನಾನು ಹಾಗೆ ಅನ್ನುವುದಿಲ್ಲ. ‘ನೀನು ಹೇಗೆ ಮಾಡಿದೆ?’ ಅಂತ ಮಕ್ಕಳು ತಾವಾಗಿಯೇ ಕೇಳಿಕೊಳ್ಳುವ ಹೊತ್ತು ವರ್ಷದಲ್ಲಿ ಅದೊಂದೇ. ಲೆಕ್ಚರರ್ ಮೂರು ಸಲ ಹೇಳಿದರೂ ತಲೆಗೆ ಹೋಗದ್ದು ಗೇಟಿನ ಹೊರಗೆ ಐದು ನಿಮಿಷದಲ್ಲಿ ಹೋಗುತ್ತದೆ. ಅದಕ್ಕೆ ಬೀಗ ಹಾಕಬೇಡಿ. ಮಕ್ಕಳು ತಾಳೆ ನೋಡುವುದು ಕೊನೆಯ ಸಂಖ್ಯೆಯನ್ನು ಮಾತ್ರ. ತೊಂದರೆ ಇರುವುದು ಅಲ್ಲಿ.

ಪೇಪರ್ ತಿದ್ದುವವರು ಹಾಗೆ ನೋಡುವುದಿಲ್ಲ. ಅವರ ಕೈಯಲ್ಲಿ ಪರೀಕ್ಷಾ ಮಂಡಳಿಯ ಸ್ಕೀಮ್ ಇರುತ್ತದೆ, ಯಾವ ಸ್ಟೆಪ್ಪಿಗೆ ಎಷ್ಟು ಅಂಕ ಅನ್ನುವ ಪಟ್ಟಿ. ಮೂರು ಅಂಕದ ಲೆಕ್ಕ ಅಂದರೆ ಸಾಮಾನ್ಯವಾಗಿ ಸೂತ್ರಕ್ಕೆ ಒಂದು, ಬೆಲೆಗಳನ್ನು ಹಾಕಿದ್ದಕ್ಕೆ ಒಂದು, ಯೂನಿಟ್ ಸಮೇತ ಉತ್ತರಕ್ಕೆ ಒಂದು. ನಿಮ್ಮ ಮಗಳ ಲೆಕ್ಕ ನಿಜವಾಗಿ ತಪ್ಪಾಗಿದ್ದರೂ ಮೂರಕ್ಕೆ ಮೂರು ಹೋಗುತ್ತಿರಲಿಲ್ಲ. ಪೆನ್ಸಿಲ್ ಹಿಡಿದು ಅವಳೇ ಮೈನಸ್ ಹಾಕಿಕೊಂಡಳಲ್ಲ, ಅಷ್ಟು ಬಿಗಿಯಾಗಿ ಯಾವ ಲೆಕ್ಚರರೂ ತಿದ್ದುವುದಿಲ್ಲ. ಇನ್ನೊಂದು ವಿಷಯ ನೀವಿಬ್ಬರೂ ಮರೆತಂತಿದೆ. ಥಿಯರಿ 70 ಅಂಕಕ್ಕೆ. ಉಳಿದ 30 ಪ್ರಾಕ್ಟಿಕಲ್. ಬ್ಯೂರೆಟ್ ಹಿಡಿದು ಟೈಟ್ರೇಷನ್ ಮಾಡಿ, ಸಾಲ್ಟ್ ಅನಾಲಿಸಿಸ್ ಮಾಡಿ ಅದನ್ನು ಅವಳು ಆಗಲೇ ಮುಗಿಸಿದ್ದಾಳೆ.

ಅವತ್ತೇ ಕೂತು ಟೋಟಲ್ ಹಾಕುವುದು ಎಷ್ಟು ವ್ಯರ್ಥ ಅನ್ನುವುದಕ್ಕೆ 2016 ನೆನಪಿಗೆ ಬರುತ್ತದೆ. ಆ ವರ್ಷ ಮಾರ್ಚ್ 21ಕ್ಕೆ ರಾಜ್ಯದ ಮಕ್ಕಳೆಲ್ಲ ಕೆಮಿಸ್ಟ್ರಿ ಬರೆದರು. ಎಂದಿನಂತೆ ಅಂಕ ಎಣಿಸಿಕೊಂಡರು. ಆಮೇಲೆ ಪೇಪರ್ ಸೋರಿಕೆಯಾಗಿದೆ ಅಂತ ಪರೀಕ್ಷೆಯನ್ನೇ ರದ್ದು ಮಾಡಿದರು. ಮಾರ್ಚ್ 31ಕ್ಕೆ ಮರುಪರೀಕ್ಷೆ ಅಂದರು, ಆ ಪೇಪರೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಮೊದಲ ದಿನ ಎಣಿಸಿದ ಅಂಕವೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು. ಆ ಮಕ್ಕಳು ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಈಗ ನಿಮಗೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪತ್ರದ ನಡುವೆ ನೀವೇ ಒಂದು ಸಾಲು ಬರೆದಿದ್ದೀರಿ: ‘ಚಪ್ಪಲಿ ಬಿಡುವ ಮೊದಲೇ ಎಷ್ಟು ಬರುತ್ತೆ ಅಂತ ಕೇಳಿದೆ.’ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಇದ್ದದ್ದು ಬರೀ ಅನುಮಾನ. ಅದಕ್ಕೊಂದು ನಂಬರ್ ಕೇಳಿದವರು ನೀವು. ಅಲ್ಲಿ ನಿಂತು ಎಣಿಸಿ ಅವಳು ಐವತ್ತೆರಡು ಅಂದಳು. ಹೇಳಿದ ಮೇಲೆ ಅದು ಅವಳಿಗೂ ನಿಜ ಆಗಿಬಿಟ್ಟಿತು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಜೊತೆ ಪಿಯುಸಿ ಅಂಕವನ್ನೂ ಅರ್ಧಕ್ಕರ್ಧ ಹಿಡಿಯುತ್ತಾರೆ. ಒಂದೊಂದು ಅಂಕಕ್ಕೂ ಮನೆಯಲ್ಲಿ ಜೀವ ಹೋಗಿ ಬರುತ್ತದೆ. ಆದರೂ ಆ ಪ್ರಶ್ನೆ ಊಟ ಮುಗಿಯುವವರೆಗೆ ಕಾಯಬಹುದಿತ್ತು. ಮೊದಲು ಮಜ್ಜಿಗೆ ಕೊಟ್ಟಿದ್ದರೆ ಅವಳೇ ಅರ್ಧ ಗಂಟೆಯಲ್ಲಿ ಪೇಪರ್ ತೆಗೆದು ತೋರಿಸುತ್ತಿದ್ದಳೇನೋ.

ಅಂಕ ನಿಜವಾಗಿ ಕಡಿಮೆ ಬಂದರೂ ದಾರಿಗಳಿವೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು ನೋಡಬಹುದು. ನೋಡಿ ಅನ್ಯಾಯ ಅನ್ನಿಸಿದರೆ ಮರು ಮೌಲ್ಯಮಾಪನಕ್ಕೆ ಹಾಕಬಹುದು. 2024ರಿಂದ ಅದೇ ವರ್ಷ ಇನ್ನೊಮ್ಮೆ ಬರೆದು ಜಾಸ್ತಿ ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವೂ ಬಂದಿದೆ.

ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಬೋರ್ಡ್ ಪರೀಕ್ಷೆಗಳು ಮುಗಿದಿರುತ್ತವೆ. ಬೀರುವಿನ ಬೀಗ ತೆಗೆದು ಪೇಪರ್ ಅವಳ ಕೈಗೆ ಕೊಡಿ. ಒಂದು ಭಾನುವಾರ ಆ ಗೆಳತಿಯರನ್ನು ಮನೆಗೆ ಕರೆಯಿರಿ. ಮಂಡಳಿ ಹೊರಡಿಸುವ ಮಾದರಿ ಉತ್ತರ ಮುಂದಿಟ್ಟುಕೊಂಡು ಎಲ್ಲರೂ ಕೂತು ನೋಡಲಿ. ಈ ಸಲ ಸಂಖ್ಯೆ ಅಲ್ಲ, ಒಂದೊಂದು ಸ್ಟೆಪ್ಪೂ. ಹೇಗೂ ಸಿಇಟಿ ಎದುರಿಗಿದೆ. ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ಸ್ಟೆಪ್ಪಿಗೆ ಅಂಕ ಇಲ್ಲ. ಯೂನಿಟ್ ನೋಡದೆ ಗುರುತು ಹಾಕಿದರೆ ಇಡೀ ಅಂಕವೇ ಹೋಗುತ್ತದೆ. ಸೆಕೆಂಡೋ ನಿಮಿಷವೋ ಅನ್ನುವ ಜಗಳ ಅವರಿಗೆ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಲೆಕ್ಕವನ್ನು ನಿಮ್ಮ ಮಗಳೇ ಎಲ್ಲರಿಗೂ ಹೇಳಿಕೊಡಲಿ, ಕನ್ನಡದಲ್ಲೇ.

ಅವರು ಕೂತು ನೋಡಿದ ಮೇಲೂ ಯಾವುದಾದರೂ ಪ್ರಶ್ನೆ ಬಗೆಹರಿಯದೆ ಉಳಿದರೆ ನನಗೆ ಬರೆದು ಕಳಿಸಲಿ. ಅವಳ ಉತ್ತರವೂ ಇರಲಿ, ಗೆಳತಿಯರ ಉತ್ತರವೂ ಇರಲಿ, ಯೂನಿಟ್ ಸಮೇತ.

— ಸಂಪಾದಕ